ಸಿ ಬ್ಲಾಕಿನ ರಕ್ತ ಪಂದ್ಯ

ಬೆರಳಿಗೆ ಸೂಜಿ ಚುಚ್ಚಿದಾಗ ಸಿದ್ದಗಂಗಮ್ಮನಿಗೆ ಅಷ್ಟೇನೂ ನೋವಾಗಲಿಲ್ಲ. ನೋವಾದದ್ದು ಆಮೇಲೆ, ಲ್ಯಾಬ್ ಟೆಕ್ನಿಷಿಯನ್ ನಾಗಭೂಷಣ್ ಆ ಪುಟ್ಟ ಮೆಷಿನ್ನಿನ ಮೇಲೆ ಮೂಡಿದ ನಂಬರನ್ನು ಗಟ್ಟಿಯಾಗಿ ಓದಿದಾಗ.

"ಸಿದ್ದಗಂಗಮ್ಮ, ಎಂಟು ಪಾಯಿಂಟ್ ಮೂರು!"

ಹಾಗೆ ಕೂಗಬಾರದಿತ್ತು. ಚೀಟಿಯಲ್ಲಿ ಬರೆದು ಅವಳ ಕೈಗಷ್ಟೇ ಕೊಡಬೇಕಿತ್ತು. ಆದರೆ ಬೆಳಿಗ್ಗೆಯಿಂದ ಅರವತ್ತು ಎಪ್ಪತ್ತು ಬೆರಳು ಚುಚ್ಚಿ ಅವನಿಗೂ ಸಾಕಾಗಿಹೋಗಿತ್ತು. ಕ್ವಾರ್ಟರ್ಸಿನ ಹಾಲ್‌ನ ಗದ್ದಲದಲ್ಲಿ ಬರೆದುಕೊಳ್ಳುವವರಿಗೆ ಕೇಳಿಸಲಿ ಅಂತ ಕೂಗಿಬಿಟ್ಟ. ಸಾಲಿನಲ್ಲಿ ಹಿಂದೆಯೇ ನಿಂತಿದ್ದ ಮರಿಯಮ್ಮ ಕಿಸಕ್ಕನೆ ನಕ್ಕಳು.

ಬೇರೆ ಯಾರು ನಕ್ಕಿದ್ದರೂ ಸಿದ್ದಗಂಗಮ್ಮ ಸಹಿಸಿಕೊಳ್ಳುತ್ತಿದ್ದಳೇನೋ. ಮರಿಯಮ್ಮನ ನಗು ಮಾತ್ರ ಅವಳಿಗೆ ನೆತ್ತಿಗೇರಿತು. ತುಮಕೂರಿನ ಅಂತರಸನಹಳ್ಳಿಯ ಫ್ಯಾಕ್ಟರಿಗಳ ಹಿಂಭಾಗದಲ್ಲಿ ಸರ್ಕಾರ ಕಟ್ಟಿಸಿಕೊಟ್ಟ ಆ ಕ್ವಾರ್ಟರ್ಸಿನ ಸಿ ಬ್ಲಾಕಿನಲ್ಲಿ, ಮೂರನೇ ಮಹಡಿಯಲ್ಲಿ, ಇಬ್ಬರದೂ ಎದುರುಬದುರು ಬಾಗಿಲು. ನಡುವೆ ನಾಲ್ಕಡಿ ಜಾಗ. ಮನೆ ಹಂಚಿಕೆಯಾಗಿ ಬಂದ ಹೊಸತರಲ್ಲೇ ಮರಿಯಮ್ಮ ತನ್ನ ನೀರಿನ ಡ್ರಮ್ಮನ್ನು ಇವಳ ಬಾಗಿಲ ಪಕ್ಕಕ್ಕೆ ತಂದಿಟ್ಟಿದ್ದಳು, ಇವಳು ಅದನ್ನು ಕಾಲಲ್ಲಿ ತಳ್ಳಿದ್ದಳು. ಅವತ್ತಿನಿಂದ ಎರಡು ವರ್ಷ ಮಾತಿಲ್ಲ, ಕತೆಯಿಲ್ಲ.

ಮರಿಯಮ್ಮನ ಸರದಿ ಬಂತು. ಸಿದ್ದಗಂಗಮ್ಮ ಬೆರಳಿಗೆ ಹತ್ತಿ ಒತ್ತಿ ಹಿಡಿದುಕೊಂಡು, ಹೋಗುವವಳಂತೆ ನಟಿಸುತ್ತ ಅಲ್ಲೇ ನಿಂತಳು.

"ಮರಿಯಮ್ಮ, ಎಂಟು ಪಾಯಿಂಟ್ ಒಂದು!"

ಈಗ ಸಿದ್ದಗಂಗಮ್ಮ ಕಿಸಕ್ಕನೆ ನಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನೇ ನಗ್ತೀಯ? ನಿಂದೇನು ಹದಿನೆಂಟು ಬಂದದಾ?" ಎಂದಳು ಮರಿಯಮ್ಮ.

"ನಿನಗಿಂತ ಮ್ಯಾಲಿದೀನಿ. ಅಷ್ಟ್ ಸಾಕು ಬುಡು."

ಎರಡು ವರ್ಷದಲ್ಲಿ ಇಬ್ಬರೂ ಆಡಿಕೊಂಡ ಮೊದಲ ಮಾತು ಅದು. ಸುತ್ತಲಿದ್ದ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ಮುಂದೇನು ಅಂತ ನೋಡುತ್ತಿದ್ದರು. ಆಗ ಇಬ್ಬರ ನಡುವೆ ಬಂದು ನಿಂತವಳು ಹರ್ಷಿತಾ. ಗುಬ್ಬಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವ ಹುಡುಗಿ, ಗೃಹವಿಜ್ಞಾನ ಓದಿದ ಕಾಲೇಜಿನಲ್ಲೇ ಈಗ ಪಾಠ ಹೇಳುತ್ತಿದ್ದಾಳೆ. ಹೆಂಗಸರ ರಕ್ತ ಪರೀಕ್ಷೆ, ಅಡುಗೆ ಪಾಠದ ಈ ಕಾರ್ಯಕ್ರಮದ ಓಡಾಟವೆಲ್ಲ ಅವಳದೇ. ಕ್ವಾರ್ಟರ್ಸಿನವರು ಹಾಲ್ ಬಿಟ್ಟುಕೊಟ್ಟಿದ್ದರು, ಆಸ್ಪತ್ರೆಯವರು ನಾಗಭೂಷಣ್‌ನನ್ನು ಮೆಷಿನ್ ಸಮೇತ ಕಳಿಸಿದ್ದರು, ಅಂಗನವಾಡಿಯವರು ಮನೆಮನೆಗೆ ಹೋಗಿ ಹೆಂಗಸರನ್ನು ಕರೆತಂದಿದ್ದರು. ಗುಬ್ಬಿ ಹತ್ತಿರದ ಕಡಬದ ರೈತ ಮಹಿಳೆಯರ ಸಂಘವೊಂದು ವಾರವಾರ ಸೊಪ್ಪು ತರುತ್ತೇವೆ ಅಂತ ಮಾತು ಕೊಟ್ಟಿತ್ತು. ಇಷ್ಟೆಲ್ಲ ಜನರನ್ನು ಒಟ್ಟುಮಾಡಿದವಳಿಗೆ ಈ ಇಬ್ಬರು ಯಾವ ಲೆಕ್ಕ!

"ಅಕ್ಕ, ಇಬ್ರೂ ಕೇಳಿ. ಇದು ರಕ್ತದ ಹಿಮೋಗ್ಲೋಬಿನ್ ಲೆಕ್ಕ, ಹೆಣ್ಮಕ್ಕಳಿಗೆ ಹನ್ನೆರಡಾದ್ರೂ ಇರ್ಬೇಕು. ನೀವಿಬ್ರೂ ನಗೋ ಸ್ಥಿತೀಲಿ ಇಲ್ಲ. ಮೆಟ್ಲು ಹತ್ತಿದ್ರೆ ಉಸ್ರು ಕಟ್ಟಲ್ವಾ? ಕಣ್ ಕತ್ಲೆ ಬರಲ್ವಾ?"

ಬರುತ್ತಿತ್ತು. ಇಬ್ಬರಿಗೂ ಬರುತ್ತಿತ್ತು. ಅದು ವಯಸ್ಸಿನದು, ಕೆಲಸದ್ದು ಅಂದುಕೊಂಡಿದ್ದರು. ಸಿದ್ದಗಂಗಮ್ಮನಿಗೆ ಇನ್ನೂ ಮೂವತ್ತೊಂಬತ್ತು.

"ಮೂರು ತಿಂಗ್ಳು ಟೈಮು. ಮಾತ್ರೆ ಕೊಡ್ತೀವಿ, ಗುರುವಾರ ಗುರುವಾರ ಸಾಯಂಕಾಲ ಕ್ಲಾಸಿಗೆ ಬನ್ನಿ, ಹೇಳಿದ್ದು ಮಾಡ್ಕೊಂಡು ತಿನ್ನಿ. ಆಮೇಲೆ ಮತ್ತೆ ಟೆಸ್ಟು. ಯಾರಿಗೆ ಕಡಿಮೆ ಬರುತ್ತೋ ಅವ್ರು ಎಲ್ರ ಮುಂದೆ ಮೈಕ್ ಹಿಡ್ಕೊಂಡು ಮಾತಾಡ್ಬೇಕು. ಆಗ್ಬೋದಾ?"

ಮೈಕು ಅಂದಕೂಡಲೇ ಸಿದ್ದಗಂಗಮ್ಮನ ಎದೆ ಝಲ್ಲೆಂದಿತು. ಮರಿಯಮ್ಮನ ಮುಖ ನೋಡಿದರೆ ಅಲ್ಲೂ ಅದೇ. ಆದರೆ ಅಷ್ಟು ಜನರ ಎದುರಿಗೆ ಹಿಂದೆ ಸರಿಯುವವರಾರು?

"ಆಗ್ಬೋದು," ಎಂದರು ಇಬ್ಬರೂ ಒಟ್ಟಿಗೆ.

ಆ ಸಂಜೆ ಬಾಗಿಲ ಪಕ್ಕದ ಗೋಡೆಯ ಮೇಲೆ ಸಿದ್ದಗಂಗಮ್ಮ ಸುಣ್ಣದ ಕಡ್ಡಿಯಲ್ಲಿ 8.3 ಅಂತ ದೊಡ್ಡದಾಗಿ ಬರೆದಳು. ಬೆಳಿಗ್ಗೆ ನೋಡಿದರೆ ಎದುರು ಗೋಡೆಯ ಮೇಲೆ ಇನ್ನೂ ದೊಡ್ಡದಾಗಿ 8.1 ಬಂದಿತ್ತು. ಪಕ್ಕದಲ್ಲಿ ಒಂದು ಬಾಣ, ಮೇಲಕ್ಕೆ.

ಮೊದಲ ಗುರುವಾರದ ಕ್ಲಾಸು ಮಾತ್ರ ಯಾರಿಗೂ ರುಚಿಸಲಿಲ್ಲ. ಹರ್ಷಿತಾ ಗೋಡೆಗೆ ಚಾರ್ಟ್ ಅಂಟಿಸಿ, ಪೋಷಕಾಂಶ, ಕಬ್ಬಿಣಾಂಶ, ಸೂಕ್ಷ್ಮ ಪೋಷಕಾಂಶ ಅಂತ ಶುರುಮಾಡಿದಳು. ದಿನವಿಡೀ ನಿಂತು ನಟ್ಟು ಬೋಲ್ಟು ಪ್ಯಾಕ್ ಮಾಡಿ ಬಂದಿದ್ದ ಸಿದ್ದಗಂಗಮ್ಮನಿಗೆ ಹತ್ತೇ ನಿಮಿಷದಲ್ಲಿ ತೂಕಡಿಕೆ. ಪಕ್ಕದವಳು ಆಗಲೇ ಗೋಡೆಗೆ ಒರಗಿದ್ದಳು. ಹಿಂದಿನ ಸಾಲಿನಲ್ಲಿ ಸೊಪ್ಪಿನ ಮೂಟೆಯ ಪಕ್ಕ ಕೂತಿದ್ದ ಕಡಬದ ಪುಟ್ಟಗಂಗಮ್ಮ ಎಷ್ಟೋ ಹೊತ್ತು ತಡೆದುಕೊಂಡಳು, ಆಮೇಲೆ ಎದ್ದೇಬಿಟ್ಟಳು. ಅರವತ್ತು ದಾಟಿದ ಗಟ್ಟಿ ಹೆಂಗಸು, ತೆಂಗಿನ ಸಾಲಿನ ನಡುವೆ ಸೊಪ್ಪು ಬೆಳೆಯುವ ಸಂಘಕ್ಕೆ ಅವಳೇ ಅಧ್ಯಕ್ಷೆ.

"ಯವ್ವಾ, ಆ ಚಾರ್ಟ್ ಮಡಚಿಡು ಅತ್ಲಾಗೆ. ಸ್ಟೌ ಹಚ್ಚು."

ಹರ್ಷಿತಾ ಒಂದು ಕ್ಷಣ ಪೆಚ್ಚಾದಳು. ಆದರೆ ಮರುಕ್ಷಣವೇ ನಕ್ಕು ಸ್ಟೌ ಹಚ್ಚಿದಳು. ಪುಟ್ಟಗಂಗಮ್ಮ ನುಗ್ಗೆಸೊಪ್ಪು ಬಿಡಿಸಿ, ಹೆಸರುಕಾಳಿನ ಜೊತೆ ಬೇಯಿಸಿ, ಬಸಿದು, ಆ ಬಸಿದ ನೀರಿಗೇ ಖಾರ ಕಡೆದು ಹಾಕಿ ಬಸ್ಸಾರು ಕುದಿಸುತ್ತಿದ್ದಂತೆ ಹಾಲಿನ ತುಂಬ ಬೆಳ್ಳುಳ್ಳಿಯ ಘಮ. ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು.

"ಸಾರವೆಲ್ಲ ನೀರಿಗೆ ಇಳೀತದೆ. ಇದ್ನ ಚೆಲ್ಲೋರ್ ಯಾರಾದ್ರೂ ಇದೀರಾ?" ಎಂದು ಕೇಳಿದಳು. ನಾಲ್ಕೈದು ಜನ ನೆಲ ನೋಡಿದರು. ಹರ್ಷಿತಾ ಪಕ್ಕದಲ್ಲಿ ನಿಂತು, ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುತ್ತದೆ, ಊಟದ ಹಿಂದೆಯೇ ಟೀ ಕುಡಿದರೆ ಹತ್ತುವುದೂ ತಪ್ಪುತ್ತದೆ, ಒಂದು ಗಂಟೆಯಾದರೂ ಬಿಡಬೇಕು ಅಂತ ಸೇರಿಸಿದಳು. ಈ ಸಲ ಎಲ್ಲರ ಕಿವಿಗೂ ಬಿತ್ತು. ಬಾಯಲ್ಲಿ ಬಸ್ಸಾರು ಇತ್ತಲ್ಲ.

ಎರಡನೇ ವಾರ ಹರ್ಷಿತಾ ಚಾರ್ಟನ್ನೇ ತರಲಿಲ್ಲ. ಬಂದವಳೇ ಒಬ್ಬೊಬ್ಬರನ್ನಾಗಿ ಕೇಳಿದಳು, "ಇವತ್ತು ಬೆಳಿಗ್ಗೆ ಏನ್ ತಿಂದ್ರಿ?"

"ಇಡ್ಲಿ," ಎಂದಳು ಸಿದ್ದಗಂಗಮ್ಮ.

"ಸುಳ್ಳು!" ಮರಿಯಮ್ಮ ನೆಗೆದಳು. "ಇವ್ಳ ಮನೇಲಿ ಇಡ್ಲಿ ಬೆಂದಿದ್ರೆ ನಂಗೆ ವಾಸ್ನೆ ಬರ್ತಿರ್ಲಿಲ್ವಾ? ಗಂಡ ಮಗಳಿಗೆ ಚಿತ್ರಾನ್ನ ಮಾಡಿಟ್ಟು ಬರೀ ಹೊಟ್ಟೇಲಿ ಓಡ್ತಾಳೆ ಇವ್ಳು. ದಿನಾ ನೋಡ್ತೀನಿ."

ನಿಜವೇ. ಎಂಟೂವರೆಗೆ ವರ್ಕ್‌ಶಾಪಿನ ಗೇಟಿನಲ್ಲಿ ಒಂದು ಟೀ, ಎರಡು ಬಿಸ್ಕತ್ತು, ಅಷ್ಟೇ. ರಾತ್ರಿ ಗಂಡ ಬೆಟ್ಟಸ್ವಾಮಿಗೂ ಪಿಯುಸಿ ಓದುವ ಮಗಳು ಸುಶ್ಮಿತಾಳಿಗೂ ಬಡಿಸಿದ ಮೇಲೆ ತಳದಲ್ಲಿ ಉಳಿದದ್ದು ತನಗೆ. ಹಾಗೆ ಮಾಡು ಅಂತ ಯಾರೂ ಹೇಳಿರಲಿಲ್ಲ. ಅವಳ ಅಮ್ಮನೂ ಹಾಗೇ ತಿನ್ನುತ್ತಿದ್ದಳು, ಅಷ್ಟೇ. ಸಿದ್ದಗಂಗಮ್ಮನಿಗೆ ಅವಮಾನವಾಯಿತು. ಆದರೆ ಅದರ ಒಳಗೇ ಇನ್ನೊಂದು ಅಚ್ಚರಿ: ತಾನು ತಿಂದಳೋ ಬಿಟ್ಟಳೋ ಅಂತ ಈ ಲೋಕದಲ್ಲಿ ಒಬ್ಬಳು ದಿನಾ ನೋಡುತ್ತಿದ್ದಳು! ಅದೂ ಇವಳು!

ಮನೆಗೆ ಹೋಗಿ ಹೇಳಿದಾಗ ಬೆಟ್ಟಸ್ವಾಮಿ ಕೈತೊಳೆಯುತ್ತಿದ್ದವನು ಹಾಗೇ ನಿಂತ. ಲಗೇಜ್ ಆಟೋ ಓಡಿಸುವ ಅವನು ಮಾತು ಕಮ್ಮಿ. ಅವತ್ತು ಮೂರು ತಟ್ಟೆಗಳನ್ನು ತಾನೇ ತಂದು ನೆಲದ ಮೇಲೆ ಸಾಲಾಗಿ ಇಟ್ಟ.

"ಮೂರಕ್ಕೂ ಒಟ್ಟಿಗೆ ಬಡ್ಸು. ಆ ಮರಿಯಮ್ಮಂಗೆ ಸೋತ್ಗೀತು ಬಂದೀಯ ಮತ್ತೆ."

ಅಲ್ಲಿಂದ ಸಿ ಬ್ಲಾಕಿನಲ್ಲಿ ಪಂದ್ಯ ಕಾವೇರಿತು. ಮೇಲಿನ ಮಹಡಿಯವರೆಲ್ಲ ಮರಿಯಮ್ಮನ ಪಾರ್ಟಿ, ಕೆಳಗಿನವರೆಲ್ಲ ಸಿದ್ದಗಂಗಮ್ಮನ ಪಾರ್ಟಿ. ಗುರುವಾರ ಕಡಬದ ಟೆಂಪೋ ಗೇಟಿನ ಹತ್ತಿರ ಹಾರ್ನ್ ಮಾಡಿದರೆ ಸಾಕು, ಎರಡೂ ಪಾರ್ಟಿಯವರು ಮೆಟ್ಟಿಲಿಳಿದು ಓಡುತ್ತಿದ್ದರು. ನುಗ್ಗೆ, ದಂಟು, ಹೊನಗೊನ್ನೆ, ಕಂತೆ ಕಂತೆ. ಯಾವುದು ಯಾರಿಗೆ ಅಂತ ಪುಟ್ಟಗಂಗಮ್ಮ ಗದರುತ್ತ ಹಂಚಬೇಕಾಗುತ್ತಿತ್ತು. ಬೆಟ್ಟಸ್ವಾಮಿಯ ಬಾಯಿಂದ ಆಟೋ ಸ್ಟ್ಯಾಂಡಿಗೂ ಸುದ್ದಿ ಹೋಗಿ, "ನಿಮ್ ಮನೆಯೋರ ರನ್ ಎಷ್ಟಾಯ್ತು?" ಅಂತ ಅವರೆಲ್ಲ ಕೇಳತೊಡಗಿದರು. ವರ್ಕ್‌ಶಾಪಿನಲ್ಲಿ ಸಿದ್ದಗಂಗಮ್ಮನ ಜೊತೆಯ ಐದು ಜನ ಊಟದ ಹಿಂದಿನ ಟೀ ಬಿಟ್ಟರು. ಕ್ಯಾಂಟೀನಿನವನು ಏನೋ ಮುಷ್ಕರ ಇರಬೇಕು ಅಂತ ಗಾಬರಿಬಿದ್ದ.

ಇಬ್ಬರೂ ಒಬ್ಬರ ಮೇಲೊಬ್ಬರು ಪೊಲೀಸರ ಹಾಗೆ ಕಣ್ಣಿಟ್ಟಿದ್ದರು.

"ಉಂಡು ಅರ್ಧ ಗಂಟೆ ಆಗಿಲ್ಲ, ಟೀ ಕುದಿಸ್ತಾವ್ಳೆ! ನೋಡ್ರೇ, ನೋಡ್ರೇ!" ಮರಿಯಮ್ಮ ಬಾಗಿಲಿಂದಲೇ ಕೂಗಿದರೆ, "ನಮ್ಮನೆ ಯಜಮಾನ್ರಿಗೆ ಕಣೇ, ನಂಗಲ್ಲ!" ಅಂತ ಇವಳು ಸೌಟು ಹಿಡಿದು ಹೊರಗೆ ಬರುತ್ತಿದ್ದಳು.

ಒಂದು ಭಾನುವಾರ ಎದುರು ಮನೆಯಿಂದ ಕುರಿ ಈಲಿ, ಅಂದರೆ ಲಿವರ್, ಹುರಿಯುವ ವಾಸನೆ ಬಂತು. ಸಿದ್ದಗಂಗಮ್ಮ ಗುರುವಾರದ ತನಕ ಕಾದು ಹರ್ಷಿತಾಳ ಮುಂದೆ ದೂರಿಟ್ಟಳು. "ಇದು ಮೋಸ. ನಮ್ಮನೇಲಿ ಅದ್ನ ಮುಟ್ಟಲ್ಲ ಅಂತ ಗೊತ್ತಿದ್ದೂ ತಿಂತಾವ್ಳೆ."

"ಮೋಸ ಅಲ್ಲ ಅಕ್ಕ, ಈಲಿ ರಕ್ತಕ್ಕೆ ತುಂಬ ಒಳ್ಳೇದು. ತಿನ್ನೋರು ತಿನ್ಲಿ. ನೀವು ಹುರುಳಿಕಾಳು ಮೊಳಕೆ ಬರ್ಸಿ. ಮೇಲೆ ನಿಂಬೆಹಣ್ಣು. ಬಿಡ್ಬೇಡಿ."

ಬಿಡುವುದೆಲ್ಲಿಂದ ಬಂತು! ಅವತ್ತಿನಿಂದ ಅವಳ ಅಡುಗೆಮನೆಯ ಮೊಳೆಗೆ ಹುರುಳಿಕಾಳಿನ ಗಂಟು ಸದಾ ತೂಗುತ್ತಿತ್ತು.

ಆರನೆಯದೋ ಏಳನೆಯದೋ ವಾರ. ಕೆಲಸ ಮುಗಿಸಿ, ಕೈಯಲ್ಲಿ ಐದು ಕೆಜಿ ರಾಗಿಹಿಟ್ಟಿನ ಚೀಲ ಹಿಡಿದು ಸಿದ್ದಗಂಗಮ್ಮ ಮೆಟ್ಟಿಲು ಹತ್ತಿದಳು. ಬಾಗಿಲಿಗೆ ಬೀಗದ ಕೈ ಹಾಕುವಾಗ ಏನೋ ವ್ಯತ್ಯಾಸ ಅನ್ನಿಸಿತು. ಏನು? ಯಾವಾಗಲೂ ಎರಡನೇ ಮಹಡಿಯ ತಿರುವಿನಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಎದೆ ಡವಡವ ಅನ್ನುವುದು ಇಳಿದ ಮೇಲೆ ಮುಂದಿನದು. ಇವತ್ತು ನಿಂತೇ ಇರಲಿಲ್ಲ! ನಂಬಿಕೆಯಾಗದೆ ಚೀಲವನ್ನು ಬಾಗಿಲಿಗೆ ಒರಗಿಸಿಟ್ಟು, ಸೀರೆ ಎತ್ತಿ ಕಟ್ಟಿ, ಪೂರ್ತಿ ಕೆಳಗಿಳಿದು ಮತ್ತೆ ಹತ್ತಿದಳು. ಈ ಸಲ ಸ್ವಲ್ಪ ಜೋರಾಗಿಯೇ. ಕಣ್ಣು ಕತ್ತಲೆ ಬರಲಿಲ್ಲ. ಕಾಲು ಸೋಲಲಿಲ್ಲ. ಮೂರನೇ ಮಹಡಿಗೆ ಬಂದು ಒಬ್ಬಳೇ ನಿಂತು ಜೋರಾಗಿ ನಕ್ಕಳು. ಯಾರಿಗಾದರೂ ಹೇಳಬೇಕು ಅನ್ನಿಸಿತು. ಥಟ್ಟನೆ ನೆನಪಾದದ್ದು ಎದುರು ಬಾಗಿಲು.

ಆ ಬಾಗಿಲು ಮುಚ್ಚಿತ್ತು. ಯೋಚಿಸಿದರೆ, ನಾಲ್ಕೈದು ದಿನದಿಂದ ಆ ಕಡೆಯಿಂದ ಒಗ್ಗರಣೆಯ ವಾಸನೆಯೇ ಬಂದಿರಲಿಲ್ಲ. ಹಿಂದಿನ ಗುರುವಾರ ಮರಿಯಮ್ಮ ಕ್ಲಾಸಿಗೂ ಬಂದಿರಲಿಲ್ಲ. ಚೌಲ್ಟ್ರಿಯಲ್ಲಿ ಮದುವೆ ಇರಬೇಕು, ಅವಳಿಗೆ ಪಾತ್ರೆ ತೊಳೆಯುವ ಕೆಲಸ ಜಾಸ್ತಿ ಇರಬೇಕು ಅಂದುಕೊಂಡು ಒಳಗೊಳಗೇ ಖುಷಿಪಟ್ಟಿದ್ದಳು.

ಎರಡು ವರ್ಷದಲ್ಲಿ ಮೊದಲ ಸಲ ಸಿದ್ದಗಂಗಮ್ಮ ಆ ಬಾಗಿಲು ತಟ್ಟಿದಳು. ತೆಗೆದದ್ದು ಮರಿಯಮ್ಮನ ಅತ್ತೆ. ಒಳಗೆ ಚಾಪೆಯ ಮೇಲೆ ಮರಿಯಮ್ಮ ಮುದುಡಿಕೊಂಡು ಮಲಗಿದ್ದಳು.

"ಏನಾಯ್ತೇ?"

"ಆ ಮಾತ್ರೆ ಸಾವಾಸ ಸಾಕು. ನುಂಗಿದ್ರೆ ಹೊಟ್ಟೆ ತೊಳಸ್ತದೆ, ವಾಂತಿ ಬತ್ತದೆ. ಹೋದ್ ವಾರದಿಂದ ಮುಟ್ಟಿಲ್ಲ. ಊಟಾನೂ ಸೇರಲ್ದು." ಮರಿಯಮ್ಮ ಗೋಡೆಯ ಕಡೆ ಹೊರಳಿದಳು. "ಹೋಗು, ನೀನೇ ಗೆದ್ದೆ ಬುಡು."

ಸಿದ್ದಗಂಗಮ್ಮನಿಗೆ ಖುಷಿಯಾಗಬೇಕಿತ್ತು. ಯಾಕೋ ಮೈ ಉರಿಯಿತು.

"ಗೆಲ್ಲೋದಾ? ನೀನು ಆಟಕ್ಕೇ ಬರ್ದೆ ನಾನ್ ಗೆದ್ರೆ ಅದ್ಯಾವ್ ಗೆಲುವು? ಇಡೀ ಬ್ಲಾಕು ನಮ್ಮಿಬ್ರನ್ನ ನೋಡ್ತಾ ಕೂತದೆ, ನೀನ್ ಇಲ್ಲಿ ಗೋಡೆ ನೋಡ್ತಾ ಮಲ್ಗಿದೀಯ. ಏಳ್ ಮ್ಯಾಕೆ!"

"ಆಗಲ್ಲ ಕಣೇ."

"ಆಗ್ತದೆ. ನಾನ್ ಹಿಡ್ಕೋತೀನಿ."

ಕೈ ಹಿಡಿದು ಎಬ್ಬಿಸಿ, ಮೆಟ್ಟಿಲಿಳಿಸಿ, ಫೋನ್ ಮಾಡಿ ಕರೆಸಿದ ಗಂಡನ ಆಟೋದಲ್ಲಿ ಕೂರಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಅಲ್ಲಿನ ಸಿಸ್ಟರ್ ಪೂರ್ತಿ ಕೇಳಿಸಿಕೊಂಡು, "ಬರೀ ಹೊಟ್ಟೇಲಿ ನುಂಗ್ತಿದ್ರಾ?" ಎಂದರು. ಮರಿಯಮ್ಮ ತಲೆಯಾಡಿಸಿದಳು. ಬೇಗ ರಕ್ತ ಏರಲಿ ಅಂತ ಬೆಳಿಗ್ಗೆ ಎದ್ದಕೂಡಲೇ ನುಂಗುತ್ತಿದ್ದಳಂತೆ, ಕೆಲವು ದಿನ ಎರಡೆರಡು. ಸಿಸ್ಟರ್ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಡಾಕ್ಟರಿಗೆ ತೋರಿಸಿ ಬೇರೆ ಮಾತ್ರೆ ಕೊಡಿಸಿದರು. ದಿನಕ್ಕೆ ಒಂದೇ, ಅದೂ ರಾತ್ರಿ ಊಟ ಆದಮೇಲೆ, ಮತ್ತೂ ತೊಂದರೆಯಾದರೆ ತಾನೇ ಬಿಡದೆ ಬಂದು ಹೇಳಬೇಕು ಅಂತ ಕಟ್ಟುನಿಟ್ಟು ಮಾಡಿದರು.

ವಾಪಸ್ ಬರುವಾಗ ಆಟೋದಲ್ಲಿ ಸಿದ್ದಗಂಗಮ್ಮ ಕೇಳಿದಳು, "ಎರಡೆರಡು ಯಾಕೇ ನುಂಗ್ದೆ, ಪೆದ್ದಿ?"

"ನಿನ್ನ ಸೋಲಿಸ್ಬೇಕಿತ್ತು," ಎಂದಳು ಮರಿಯಮ್ಮ, ರಸ್ತೆ ನೋಡುತ್ತ.

ಬೆಟ್ಟಸ್ವಾಮಿ ಮುಂದಿನ ಸೀಟಿನಲ್ಲಿ ಕೆಮ್ಮಿದ ಹಾಗೆ ಮಾಡಿ ನಕ್ಕ. ಹಿಂದೆ ಇಬ್ಬರೂ ನಗತೊಡಗಿದರು.

ಆ ವಾರ ಪೂರ್ತಿ ಎದುರು ಮನೆಗೆ ಮೆತ್ತಗಿನ ಮುದ್ದೆ, ಸೊಪ್ಪಿನ ಸಾರು ಹೋಯಿತು. ಮುಂದಿನ ಭಾನುವಾರ ಅಲ್ಲಿಂದ ಹೆಸರುಕಾಳು ಕೋಸಂಬರಿ ಬಂತು. ಪಂದ್ಯ ಮಾತ್ರ ನಿಲ್ಲಲಿಲ್ಲ. ಟೀ ವಿಚಾರದಲ್ಲಿ ಜಗಳವೂ ನಿಲ್ಲಲಿಲ್ಲ.

ಮೂರು ತಿಂಗಳು ತುಂಬಿದ ದಿನ ಕ್ವಾರ್ಟರ್ಸಿನ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಬ್ಬಿ, ಕುಣಿಗಲ್ಲಿನ ಇಂಥದೇ ಕ್ವಾರ್ಟರ್ಸುಗಳಲ್ಲೂ ಕ್ಲಾಸು ಶುರುಮಾಡುವ ಯೋಚನೆಯಿತ್ತು. ಹೇಗೆ ನಡೆಯುತ್ತದೆ ಅಂತ ನೋಡಲು ಅಲ್ಲಿಂದಲೂ ಹೆಂಗಸರು ಬಂದಿದ್ದರು. ನಾಗಭೂಷಣ್ ಈ ಸಲ ಹುಷಾರಾಗಿದ್ದ. ಒಬ್ಬೊಬ್ಬರ ನಂಬರನ್ನೂ ಚೀಟಿಯಲ್ಲಿ ಬರೆದು ಮಡಚಿ ಅವರವರ ಕೈಗೇ ಕೊಡುತ್ತಿದ್ದ. ಚೀಟಿ ಬಿಚ್ಚಿದವರು ಕೆಲವರು ಕುಣಿದರು, ಒಬ್ಬಳು ಕಣ್ಣೊರೆಸಿಕೊಂಡಳು, ಇನ್ನೊಬ್ಬಳು ಇನ್ನೂ ಒಂಬತ್ತರಲ್ಲೇ ಇದೀನಿ ಅಂತ ಹರ್ಷಿತಾಳ ಹತ್ತಿರ ಹೋಗಿ ಕೂತಳು.

ಕೊನೆಗೆ ಈ ಇಬ್ಬರು.

"ಗಟ್ಟಿಯಾಗಿ ಓದಿ ಸಾರ್!" ಅಂತ ಹಿಂದಿನಿಂದ ಯಾರೋ ಕೂಗಿದರು.

ನಾಗಭೂಷಣ್ ಇಬ್ಬರ ಮುಖ ನೋಡಿದ. "ಓದ್ಲಾ ಅಮ್ಮ? ನೀವು ಬೇಡ ಅಂದ್ರೆ ಓದಲ್ಲ."

"ಓದಿ!" ಎಂದರು ಇಬ್ಬರೂ.

ಮರಿಯಮ್ಮ ಬೆರಳು ಚಾಚಿ ಕಣ್ಣು ಮುಚ್ಚಿಕೊಂಡಳು. ಮೆಷಿನ್ ಮಿಣುಕಿತು. "ಹನ್ನೊಂದು ಪಾಯಿಂಟ್ ಎರಡು!" ಮೇಲಿನ ಮಹಡಿಯವರ ಕೇಕೆಗೆ ಕಿಟಕಿ ಅದುರಿತು. ಸಿದ್ದಗಂಗಮ್ಮನ ಕೈ ತಣ್ಣಗಾಗಿತ್ತು. ಸುಶ್ಮಿತಾ ಅದನ್ನು ತನ್ನ ಎರಡು ಅಂಗೈಗಳ ನಡುವೆ ಉಜ್ಜಿ ಬೆಚ್ಚಗೆ ಮಾಡಿ ಮುಂದಕ್ಕೆ ಹಿಡಿದಳು. ಒಂದು ಹನಿ. ಮೆಷಿನ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತದಪ್ಪಾ!

"ಹನ್ನೊಂದು," ಎಂದ ನಾಗಭೂಷಣ್. ಉಸಿರೆಳೆದುಕೊಂಡ. "ಹನ್ನೊಂದೇ. ಪಾಯಿಂಟ್ ಸೊನ್ನೆ."

ಸೋತಿದ್ದಳು. ಬರೀ ಪಾಯಿಂಟ್ ಎರಡರಲ್ಲಿ! ಆದರೆ ಹನ್ನೊಂದು! ತನ್ನ ಮೈಯಲ್ಲಿ ಹನ್ನೊಂದು! ಸಿದ್ದಗಂಗಮ್ಮನಿಗೆ ಅಳಬೇಕೋ ಕುಣಿಯಬೇಕೋ ತಿಳಿಯುವ ಮೊದಲೇ ಯಾರೋ ಅವಳ ಕೈಗೆ ಮೈಕು ತುರುಕಿದರು.

ಮೊದಲು ಅವಳಿಗೆ ಕೇಳಿದ್ದು ಸ್ಪೀಕರಿನಲ್ಲಿ ತನ್ನದೇ ಉಸಿರು.

"ನಾನು... ನಾನು ಸೋತಿದೀನಿ," ಎಂದಳು. ಜನ ನಕ್ಕರು. ಆ ನಗುವಿನಲ್ಲಿ ಚುಚ್ಚು ಇರಲಿಲ್ಲ. ಅವಳಿಗೆ ಧೈರ್ಯ ಬಂತು. "ಮುಂಚೆ ಮೂರ್ನೇ ಮಹಡಿ ಹತ್ತೋಷ್ಟ್ರಲ್ಲಿ ಜೀವ ಬಾಯಿಗ್ ಬರ್ತಿತ್ತು. ಈಗ ಬೇಕಾದ್ರೆ ನೋಡಿ, ರಾಗಿ ಚೀಲ ಹೊತ್ಕೊಂಡ್ ಹತ್ತುತೀನಿ. ನಾನೇನ್ ಬಾದಾಮಿ ಗೋಡಂಬಿ ತಿಂದಿಲ್ಲ. ಸೊಪ್ಪು, ಕಾಳು, ಮುದ್ದೆ, ನಿಂಬೆಹಣ್ಣು. ಡಾಕ್ಟ್ರು ಕೊಟ್ಟ ಮಾತ್ರೆ. ಅಷ್ಟೇಯ."

ಕುಣಿಗಲ್ಲಿನಿಂದ ಬಂದಿದ್ದ ರಂಗಲಕ್ಷ್ಮಮ್ಮ ಎಂಬಾಕೆ ಎದ್ದು ನಿಂತಳು. "ಅಲ್ಲ ಕಣಕ್ಕ, ಅದೆಲ್ಲ ಮಾಡಿದ್ರೂ ಮನೇರಿಗೆ ಬಡ್ಸೋ ಹೊತ್ಗೆ ನಮಗೆ ತಳಾನೇ ಉಳಿಯದು. ಏನ್ ಮಾಡೋದು?"

ಸಿದ್ದಗಂಗಮ್ಮ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ತಂದಳು. ಎದುರಿಗೆ ಕೂತಿದ್ದ ಬೆಟ್ಟಸ್ವಾಮಿ ತಲೆ ತಗ್ಗಿಸಿದ.

"ನಿಮ್ ತಟ್ಟೇನೂ ಅವ್ರ ತಟ್ಟೆ ಪಕ್ಕಕ್ಕೇ ಇಡಿ. ನೀವ್ ಇಡ್ದಿದ್ರೆ ಯಾರೂ ಇಡಲ್ಲ. ನಮ್ಮನೇಲಿ ನಮ್ ಯಜಮಾನ್ರೇ ಇಟ್ರು. ಆದ್ರೆ ನಾನು ಬಾಯ್ ಬಿಟ್ಟು ಹೇಳಿದ್ ಮ್ಯಾಲೆ."

ಹಾಲಿನಲ್ಲಿ ಮೊದಲು ಒಂದೆರಡು ಚಪ್ಪಾಳೆ, ಆಮೇಲೆ ಸುರಿಮಳೆ. ಅದು ನಿಲ್ಲುವುದಕ್ಕೂ ಮೊದಲೇ ಗೆದ್ದವಳು ಬಂದು ಮೈಕು ಕಿತ್ತುಕೊಂಡಳು.

"ಇವ್ಳು ಮುಖ್ಯವಾದ್ದೇ ಹೇಳ್ಳಿಲ್ಲ. ಬರೀ ಹೊಟ್ಟೇಲಿ ಮಾತ್ರೆ ನುಂಗ್ಬೇಡಿ, ನನ್ ಥರ ಪೆದ್ದಿ ಆಗ್ಬೇಡಿ. ಮತ್ತೆ, ಎದುರ್ ಮನೇಲಿ ಒಬ್ಳು ಜಗಳಗಂಟಿ ಇರ್ಬೇಕು. ಇಲ್ದಿದ್ರೆ ಏರಲ್ಲ!"

ಹರ್ಷಿತಾ ನಗುತ್ತ ನಗುತ್ತ ಪುಟ್ಟಗಂಗಮ್ಮನ ಹೆಗಲಿಗೆ ಒರಗಿದಳು. ರಂಗಲಕ್ಷ್ಮಮ್ಮ ಅಲ್ಲೇ ನಿಂತು, ನಮ್ಮೂರಿನ ಮೊದಲ ಕ್ಲಾಸಿಗೆ ಮೇಡಂ ಜೊತೆ ಈ ಇಬ್ಬರೂ ಬರಲೇಬೇಕು ಅಂತ ಹಟ ಹಿಡಿದಳು.

ಹಾಗಾಗಿ ಮುಂದಿನ ಭಾನುವಾರ ಬೆಳಿಗ್ಗೆ, ಹೊಟ್ಟೆ ತುಂಬ ತಿಂಡಿ ತಿಂದು, ಇಬ್ಬರೂ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಹತ್ತಿದರು. ಹರ್ಷಿತಾ ಮೊದಲೇ ಹೋಗಿ ಅಲ್ಲಿ ಕಾಯುತ್ತಿದ್ದಳು. ಕಂಡಕ್ಟರಿಗೆ ಆಧಾರ್ ತೋರಿಸಿ ಹೆಂಗಸರ ಫ್ರೀ ಟಿಕೆಟ್ ತೆಗೆದುಕೊಳ್ಳುವಷ್ಟರಲ್ಲೇ ಯಾರು ಮೊದಲು ಮಾತಾಡಬೇಕು ಅಂತ ಜಗಳ ಶುರುವಾಗಿತ್ತು.

"ನಾನು ಗೆದ್ದೋಳು, ನಾನ್ ಮೊದ್ಲು."

"ಮೈಕ್ ಹಿಡ್ದು ಅಭ್ಯಾಸ ಇರೋಳು ನಾನು. ಎಲ್ಲಿ, ಮೊಳಕೆ ಕಟ್ಟೋದು ಹೆಂಗ್ ಹೇಳ್ತೀಯ, ಹೇಳು ನೋಡೋಣ."

ಮರಿಯಮ್ಮ ಗಂಟಲು ಸರಿಮಾಡಿಕೊಂಡು ಹೇಳತೊಡಗಿದಳು. ರಾತ್ರಿ ನೆನೆಹಾಕೋದು, ಬೆಳಿಗ್ಗೆ ಬಸಿಯೋದು. ಸಿದ್ದಗಂಗಮ್ಮ ನಡುನಡುವೆ ತಿದ್ದಿದಳು. ದನಿ ಏರುತ್ತ ಹೋಯಿತು. ಮುಂದಿನ ಸೀಟಿನ ಹೆಂಗಸು ತಿರುಗಿ ಕೂತಳು. ಮಗು ಎತ್ತಿಕೊಂಡಿದ್ದ ಇನ್ನೊಬ್ಬಳು, ಇದನ್ನು ಕೂಸಿಗೂ ಕೊಡಬಹುದಾ ಅಂತ ಕೇಳಿದಳು. ಹಿಂದಿನಿಂದ ಒಬ್ಬ ಗಂಡಸು, ನಮಗೂ ರಕ್ತ ಕಮ್ಮಿ ಇದೆ ಕಣಮ್ಮ, ನಮಗೂ ಹೇಳಿ ಅಂದ. ಇಬ್ಬರೂ ಸೀಟಿನಿಂದ ಎದ್ದು, ಕಂಬಿ ಹಿಡಿದು ನಿಂತು, ಓಡುವ ಬಸ್ಸಿನಲ್ಲಿ ತೂಗಾಡುತ್ತ ಉತ್ತರ ಕೊಡತೊಡಗಿದರು.

"ಹೆಬ್ಬೂರು, ಹೆಬ್ಬೂರು! ಯಾರ್ರೀ ಇಳಿಯೋರು?" ಕಂಡಕ್ಟರ್ ಸೀಟಿ ಊದಿದ. ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಅಲುಗಾಡಲಿಲ್ಲ.

"ಅಜ್ಜಿ, ನಿಮ್ಮೂರು ಬಂತು, ಇಳ್ಕೊಳ್ಳಿ. ಟೈಮಾಯ್ತು."

"ಇರೋ ಮಾರಾಯ," ಎಂದಳು ಅಜ್ಜಿ, ಮರಿಯಮ್ಮನ ಕಡೆಯಿಂದ ಕಣ್ಣು ಕೀಳದೆ. "ಬಟ್ಟೇಲಿ ಎಷ್ಟ್ ಹೊತ್ತು ಕಟ್ಟಿಡ್ಬೇಕು ಅನ್ನೋದ್ ಒಂದ್ ಹೇಳ್ಬುಡ್ಲಿ."